ಉಪ್ಪು, ಕರ, ಗೇಣಿ: ಅಂಕೋಲೆ ಎಂಬ ಕಡಲೂರಿನ ಕಥೆ
(ಜತೆಗೆ ವಾರದ ಏಳು ಪ್ರಶ್ನೆಗಳು, ಐದು ಒಗಟುಗಳು)



ಕಳೆದ ಬೇಸಿಗೆಯಲ್ಲಿ ನಮ್ಮ ಕಟ್ಟಾಯದ ಕಡೆಯ ರೈತರ ಒಂದು ತಂಡ ಕರಾವಳಿಗೆ ಪ್ರವಾಸ ಹೋಗಿತ್ತು. ನಾನೂ ಜತೆಯಲ್ಲಿದ್ದೆ. ಶಿರಾಡಿ ಘಟ್ಟ ಇಳಿದು, ಮಂಗಳೂರು ದಾಟಿ, ಕಡಲ ಬದಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದೆವು. ಗೋಕರ್ಣದ ಹತ್ತಿರ ಸಾಣಿಕಟ್ಟಾ ಎಂಬಲ್ಲಿ ಉಪ್ಪಿನ ಗದ್ದೆಗಳಿವೆ. ಬಸ್ಸಿನಿಂದಿಳಿದು ಅವನ್ನು ಕಂಡ ಕೂಡಲೆ ನಮ್ಮ ತಂಡದ ಹಿರಿಯರೊಬ್ಬರು, "ಇದೇನ್ ಸ್ವಾಮಿ, ಭತ್ತದ ಮಡಿ ಇದ್ದಂಗೇ ಐತೆ! ಬದ ಐತೆ, ತೂಬು ಐತೆ, ನೀರು ಕಟ್ಟವ್ರೆ. ಪೈರೊಂದೇ ಇಲ್ಲ" ಎಂದರು. "ಗೌಡ್ರೇ, ಇಲ್ಲಿ ಪೈರೇ ಉಪ್ಪು" ಎಂದೆ. ಅವರು ಬಗ್ಗಿ ಒಂದು ಹರಳು ತೆಗೆದು ನಾಲಗೆಗೆ ಹಾಕಿಕೊಂಡು ಸುಮ್ಮನೆ ನಿಂತರು.

ಅಲ್ಲಿಂದ ಮುಂದೆ ಅಂಕೋಲೆಗೆ ಹೋದೆವು. ಸಣ್ಣ ಊರು. ನೋಡಲು ದೊಡ್ಡ ಗುಡಿಯಾಗಲಿ ಕೋಟೆಯಾಗಲಿ ಇದೆಯೆಂದು ಅಲ್ಲಿಗೆ ಹೋದುದಲ್ಲ. ಆ ಊರಿನ ಕಥೆ ರೈತನಾದವನು ತಿಳಿದಿರಬೇಕಾದ ಕಥೆ ಎಂದು ಹೋದೆವು. ಅದನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಊರು ಎಲ್ಲಿದೆ?

ಅಂಕೋಲೆ (ಅಂಕೋಲಾ ಎಂದೂ ಬರೆಯುತ್ತಾರೆ) ಉತ್ತರ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಿನ ಮುಖ್ಯ ಸ್ಥಳ. ಕುಮಟೆಗೂ ಕಾರವಾರಕ್ಕೂ ನಡುವೆ ಇದೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಕಾಡು. ಘಟ್ಟದ ಮೇಲಿಂದ ಬೇಡ್ತಿ ಎಂಬ ಹೆಸರಿನಲ್ಲಿ ಹರಿದುಬರುವ ಹೊಳೆ ಈ ತಾಲ್ಲೂಕಿನಲ್ಲಿ ಗಂಗಾವಳಿ ಎನಿಸಿಕೊಂಡು ಕಡಲು ಸೇರುತ್ತದೆ. ಅಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಅಂಕೋಲೆ ಗಿಡದಿಂದಲೇ ಊರಿಗೆ ಈ ಹೆಸರು ಬಂತೆಂದು ಹೇಳುತ್ತಾರೆ.

1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಈ ಸೀಮೆ ಇಂಗ್ಲಿಷರ ವಶವಾಯಿತು. ಮೊದಲು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಮ್ಮ ಹಾಸನ ಆಗ ಮೈಸೂರು ಅರಸರ ಸಂಸ್ಥಾನ. ಹೀಗಾಗಿ ಅವರ ಸರ್ಕಾರ ಬೇರೆ, ನಮ್ಮ ಸರ್ಕಾರ ಬೇರೆ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಅದಕ್ಕೂ ಬಹಳ ಹಿಂದಿನಿಂದಲೇ ಅವರಿಗೂ ನಮಗೂ ಒಂದು ನಂಟಿತ್ತು. ನಮ್ಮ ಸೀಮೆಗೆ ಕಡಲಿಲ್ಲ. ಕಡಲುಪ್ಪು ಬೇಕೆಂದರೆ ಅದು ಘಟ್ಟ ಹತ್ತಿಯೇ ಬರಬೇಕು.

ಉಪ್ಪು ಬೆಳೆಯುವ ಬಗೆ

ಉಪ್ಪು ಕೂಡ ಬಿಸಿಲಿನ ಬೆಳೆ. ಮಳೆಗಾಲ ಮುಗಿದ ಮೇಲೆ ಗದ್ದೆಯ ತಳವನ್ನು ಜೇಡಿಮಣ್ಣಿನಿಂದ ತುಳಿದು ಗಟ್ಟಿ ಮಾಡುತ್ತಾರೆ. ನಾವು ಕೆಸರುಗದ್ದೆಯಲ್ಲಿ ನೀರು ಬಸಿಯದಂತೆ ತುಳಿಯುವುದಿಲ್ಲವೇ, ಹಾಗೆ. ಕಡಲ ಭರತದ ವೇಳೆಯಲ್ಲಿ ತೂಬು ಎತ್ತಿ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ. ಆ ನೀರು ಒಂದು ಮಡಿಯಿಂದ ಇನ್ನೊಂದು ಮಡಿಗೆ ಸಾಗುತ್ತ ಬಿಸಿಲಿಗೆ ಆವಿಯಾಗಿ ಗಟ್ಟಿಯಾಗುತ್ತ ಹೋಗುತ್ತದೆ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನಾವು ಉಣ್ಣುವ ಉಪ್ಪು ಸುಮಾರು 27 ಗ್ರಾಂ. ನೀರು ಗಟ್ಟಿಯಾಗುವಾಗ ಉಪ್ಪಿಗಿಂತ ಮೊದಲು ಜಿಪ್ಸಂ ತಳಕ್ಕೆ ಕೂರುತ್ತದೆ. ಕಡಲೆಕಾಯಿ ಹೊಲಕ್ಕೆ ನಾವು ಹಾಕುವ ಜಿಪ್ಸಂ ಇದೇ ಜಾತಿಯ ವಸ್ತು. ಆಮೇಲೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವುದು ಕಹಿನೀರು. ಅದನ್ನು ಹೊರಕ್ಕೆ ಬಿಟ್ಟು, ಹರಳುಪ್ಪನ್ನು ಬದುವಿನ ಮೇಲೆ ಎಳೆದು ಗುಡ್ಡೆ ಹಾಕುತ್ತಾರೆ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಪಟ್ಟ ಕಷ್ಟವೆಲ್ಲ ಕರಗಿ ನೀರಾಗುತ್ತದೆ. ರಾಗಿ ಕಟಾವಿನ ಹೊತ್ತಿಗೆ ಮಳೆ ಹಿಡಿದಾಗ ನಮ್ಮ ಹೊಟ್ಟೆಯಲ್ಲಿ ಆಗುವ ಸಂಕಟವೇ ಅವರಿಗೂ.

ನೀರು, ಬಿಸಿಲು, ಮಣ್ಣು, ಮೈಮುರಿಯುವ ಕೆಲಸ, ಇಷ್ಟೇ ಬಂಡವಾಳ. ಹಾಗಿದ್ದೂ ಉಪ್ಪು ಒಂದು ಕಾಲದಲ್ಲಿ ಜನರ ಸ್ವಂತ ಸೊತ್ತಾಗಿರಲಿಲ್ಲ.

1930ರ ಉಪ್ಪು

ಬ್ರಿಟಿಷ್ ಸರ್ಕಾರ 1882ರ ಉಪ್ಪಿನ ಕಾಯಿದೆಯ ಪ್ರಕಾರ ಉಪ್ಪಿನ ತಯಾರಿಕೆಯನ್ನೂ ಮಾರಾಟವನ್ನೂ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. ಕಡಲ ಪಕ್ಕದಲ್ಲೇ ಮನೆಯಿದ್ದವನು ಕೂಡ ಒಂದು ಹಿಡಿ ಉಪ್ಪು ಮಾಡಿಕೊಂಡರೆ ಅಪರಾಧ. 1930ರ ಹೊತ್ತಿಗೆ ಒಂದು ಮಣ, ಎಂದರೆ ಸುಮಾರು 37 ಕೆ.ಜಿ. ಉಪ್ಪಿನ ಮೇಲೆ ಒಂದು ರೂಪಾಯಿ ನಾಲ್ಕಾಣೆ ತೆರಿಗೆ ಇತ್ತು.

ಈ ತೆರಿಗೆಯಲ್ಲಿ ಅನ್ಯಾಯವೆಲ್ಲಿದೆ ಎಂದು ಕೇಳಬಹುದು. ಉಣ್ಣುವ ಅನ್ನದಲ್ಲಿ, ಉಡುವ ಬಟ್ಟೆಯಲ್ಲಿ ಸಾಹುಕಾರನಿಗೂ ಕೂಲಿಯವನಿಗೂ ಅಂತರವುಂಟು. ಆದರೆ ಸಾಹುಕಾರನು ಹತ್ತು ಪಟ್ಟು ಉಪ್ಪು ತಿನ್ನಲಾರ. ಬೆವರು ಸುರಿಸಿ ದುಡಿಯುವವನಿಗೇ ಉಪ್ಪು ಹೆಚ್ಚು ಬೇಕು, ಅವನ ದನಕರುಗಳಿಗೂ ಬೇಕು. ಆದುದರಿಂದ ಈ ತೆರಿಗೆಯ ಭಾರ ಬಡವನ ಗಂಜಿಯ ಮೇಲೆಯೇ ಬೀಳುತ್ತಿತ್ತು. ಗಾಂಧೀಜಿಯವರು ಬೇರೆಲ್ಲ ಬಿಟ್ಟು ಉಪ್ಪನ್ನೇ ಆರಿಸಿಕೊಂಡುದರ ಗುಟ್ಟು ಇದು.

ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ನಡೆಯುತ್ತ ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರದ ಮೇಲೆ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡಿನ ಮಳೆ ಸುರಿದುದೂ ಇದೇ ಏಪ್ರಿಲ್ 13ರಂದು. ಕರ್ನಾಟಕದ ಬೇರೆ ಬೇರೆ ಕಡೆಯಿಂದ ಮುಂದಾಳುಗಳೂ ಸ್ವಯಂಸೇವಕರೂ ಈ ಸಣ್ಣ ಊರಿಗೆ ಬಂದು ಸೇರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹವೆಂದರೆ ಇಂದಿಗೂ ಮೊದಲು ನೆನಪಾಗುವ ಹೆಸರು ಅಂಕೋಲೆ. ಉಪ್ಪಿನ ತೆರಿಗೆ ರದ್ದಾದುದು 1947ರಲ್ಲಿ.

ಕರ ಕೊಡೆವು ಎಂದವರು

ಉಪ್ಪಿನ ಹೋರಾಟದಲ್ಲಿ ಜೈಲಿಗೆ ಹೋಗುವ ಭಯವಿತ್ತು. ಅದರ ಮುಂದಿನ ಹೋರಾಟದಲ್ಲಿ ಭೂಮಿಯೇ ಹೋಗುವ ಭಯವಿತ್ತು. 1931-32ರ ಕಾಲದಲ್ಲಿ ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಇದೇ ಕರನಿರಾಕರಣೆ. ಗುಜರಾತಿನ ಬಾರ್ಡೋಲಿಯಲ್ಲಿ 1928ರಲ್ಲಿ ವಲ್ಲಭಭಾಯಿ ಪಟೇಲರು ನಡೆಸಿದ ಹೋರಾಟ ಇವರಿಗೆ ದಾರಿ ತೋರಿಸಿತ್ತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದುದು ಹೀಗೆ.

ಕಂದಾಯ ಕೊಡದವನ ಮನೆಯಲ್ಲಿ ಪಾತ್ರೆ ಪದಾರ್ಥ, ದನಕರು ಜಪ್ತಿಯಾಗುತ್ತಿದ್ದವು. ಭೂಮಿಯನ್ನೇ ಮುಟ್ಟುಗೋಲು ಹಾಕಿ ಹರಾಜು ಕೂಗುತ್ತಿದ್ದರು. ಗಂಡಸರು ಜೈಲು ಸೇರಿದ ಮನೆಗಳಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸಂಸಾರ ನಡೆಸಬೇಕಾಯಿತು. ನಿಮ್ಮ ಹೊಲದ ಬದುವಿನ ಮೇಲೆ ನಿಂತು ಬೇರೆಯವನೊಬ್ಬ ನಿಮ್ಮ ಹೊಲಕ್ಕೆ ಬೆಲೆ ಕೂಗುವುದನ್ನು ಒಂದು ಗಳಿಗೆ ಕಣ್ಣ ಮುಂದೆ ತಂದುಕೊಳ್ಳಿ. ಅದನ್ನು ಸಹಿಸಿದವರು ನಮ್ಮ ನಿಮ್ಮಂತಹ ರೈತರೇ.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದಿತು. ಮುಟ್ಟುಗೋಲಾಗಿದ್ದ ಭೂಮಿಯನ್ನು ಮೂಲ ಒಡೆಯರಿಗೆ ಹಿಂದಿರುಗಿಸುವ ಕೆಲಸ ಆಗ ಆರಂಭವಾಯಿತು.

ಗೇಣಿ ಕೊಡುತ್ತಿದ್ದವರು

ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ನೋಡಬೇಕು. ಯಾರ ಹೆಸರು ಸರ್ಕಾರದ ಲೆಕ್ಕದಲ್ಲಿತ್ತೋ ಅವರ ಭೂಮಿ ಜಪ್ತಿಯಾಯಿತು. ಹೆಸರು ಲೆಕ್ಕದಲ್ಲಿದ್ದುದರಿಂದಲೇ ಅವರ ಭೂಮಿ ಹಿಂದಕ್ಕೂ ಬಂತು. ಆದರೆ ಆ ಸೀಮೆಯಲ್ಲಿ ಕೆಸರಿಗಿಳಿದು ಉಳುತ್ತಿದ್ದವರಲ್ಲಿ ಬಹುಮಂದಿ ಗೇಣಿದಾರರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲನ್ನು ಒಡೆಯನ ಕಣಜಕ್ಕೆ ಅಳೆದು ಕೊಡಬೇಕು. ಒಡೆಯ ಬಿಡಿಸಿದರೆ ಬಿಡಬೇಕು. ತಲೆತಲಾಂತರದಿಂದ ಉತ್ತಿದ್ದರೂ ಕಾಗದದಲ್ಲಿ ಹೆಸರಿಲ್ಲ.

ಇಂತಹವರನ್ನು ಕೂಡಿಸಿ ರೈತಕೂಟ ಕಟ್ಟಿದವರು ಅಂಕೋಲೆ ತಾಲ್ಲೂಕಿನವರೇ ಆದ ದಿನಕರ ದೇಸಾಯಿಯವರು (1909-1982). ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಉಳುವವನೇ ಹೊಲದೊಡೆಯ ಎಂಬ ಮಾತು ಅವರ ಚಳವಳಿಯ ಉಸಿರಾಯಿತು. ಅವರು ಕವಿಗಳೂ ಹೌದು. ನಾಲ್ಕೇ ಸಾಲಿನ ಚುಟುಕಗಳನ್ನು ಬರೆದು, ದೊಡ್ಡವರ ದೊಡ್ಡಸ್ತಿಕೆಯನ್ನು ಚಿವುಟಿ ಹೇಳುತ್ತಿದ್ದರು. ರೈತನ ಮಗನಿಗೆ ಅಕ್ಷರ ಬಾರದಿದ್ದರೆ ಭೂಮಿ ಬಂದರೂ ಉಳಿಯದು ಎಂಬುದನ್ನು ಬಲ್ಲವರಾದ್ದರಿಂದ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. 1967ರಲ್ಲಿ ಲೋಕಸಭೆಗೂ ಆರಿಸಿ ಬಂದರು.

ಕೊನೆಗೆ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾವು ಉತ್ತ ಭೂಮಿಗೆ ಒಡೆಯರಾದರು. ನಮ್ಮಲ್ಲಿಯೂ ಹಿರಿಯರಿಗೆ 'ಏಳನೇ ನಂಬರ್ ಫಾರಂ' ಎಂದರೆ ಈಗಲೂ ನೆನಪಿದೆ. ಉತ್ತ ಮಾತ್ರಕ್ಕೆ ಭೂಮಿ ಬರಲಿಲ್ಲ. ಅರ್ಜಿ ಹಾಕಿದವನಿಗೆ ಬಂತು.

ಇದರಿಂದ ನಮಗೇನು?

ಊರಿಗೆ ಹಿಂದಿರುಗುವಾಗ, ಉಪ್ಪಿನ ಹರಳನ್ನು ಬಾಯಿಗೆ ಹಾಕಿಕೊಂಡ ಆ ಹಿರಿಯರು ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಹೇಳಿದರು: "ಸ್ವಾಮಿ, ನಮ್ಮ ಪಾಣೀಲಿ ಇನ್ನೂವೆ ನಮ್ಮಪ್ಪನ ಹೆಸರೇ ಐತೆ. ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತು. ಹೋದ್ಸಲ ಬೆಳೆ ಹೋದಾಗ ಪರಿಹಾರ ಬರ್ಲಿಲ್ಲ. ನಾಚ್ಕೆ ಆಗಿ ಯಾರ್ಗೂ ಹೇಳಿರ್ಲಿಲ್ಲ."

ನಾಚಿಕೆಪಡುವ ಮಾತಲ್ಲ ಇದು. ಇಂತಹ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ, ಪಹಣಿಯಲ್ಲಿ ಮಾತ್ರ ತೀರಿಹೋದ ತಾತನ ಹೆಸರು. ಎಲ್ಲರೂ ಒಗ್ಗಟ್ಟಾಗಿರುವ ತನಕ ತೊಂದರೆ ತೋರುವುದಿಲ್ಲ. ಬೆಳೆಸಾಲ, ಬೆಳೆವಿಮೆ, ಪರಿಹಾರ ಎಂದು ಹೋದಾಗ ತೋರುತ್ತದೆ. ಅಂಕೋಲೆಯವರು ಕಾಗದದ ಮೇಲಿನ ಒಂದು ಹೆಸರಿಗಾಗಿ ನಲವತ್ತು ವರ್ಷ ಹೋರಾಡಿದರು. ನಮಗೆ ಬೇಕಾಗಿರುವುದು ಒಂದು ಅರ್ಜಿ.

ಆದುದರಿಂದ ಈ ತಿಂಗಳು ಇಷ್ಟು ಮಾಡಿರಿ:

1. ನಿಮ್ಮ ಪ್ರತಿಯೊಂದು ಸರ್ವೆ ನಂಬರಿನ ಪಹಣಿ ತೆಗೆಸಿ, ಹೆಸರನ್ನೂ ವಿಸ್ತೀರ್ಣವನ್ನೂ ಓದಿಸಿ ನೋಡಿರಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಓದಿಸಿರಿ.

2. ತೀರಿಹೋದವರ ಹೆಸರಿದ್ದರೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿರಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಇವನ್ನು ಜತೆಯಲ್ಲಿಟ್ಟುಕೊಂಡು ಹೋಗಿರಿ.

3. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಮುಚ್ಚಿಡಬೇಡಿರಿ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಈಗ ಮುಚ್ಚಿಟ್ಟರೆ ಮುಂದೆ ಕೋರ್ಟಿನ ಬಾಗಿಲು ಕಾಯಬೇಕಾಗುತ್ತದೆ.

4. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿಡಿರಿ.

ವಾರದ ಏಳು ಪ್ರಶ್ನೆಗಳು

ಸಂಜೆ ಜಗುಲಿಯ ಮೇಲೆ ಕುಳಿತಾಗ ದಿನಕ್ಕೊಂದರಂತೆ ಮಕ್ಕಳನ್ನು ಕೇಳಿರಿ. ಅವರಿಗೆ ಗೊತ್ತಾಗದಿದ್ದರೆ ನೀವು ಹೇಳಿರಿ. ನಿಮಗೂ ಗೊತ್ತಾಗದಿದ್ದರೆ ಮಾತ್ರ ಕೊನೆಯಲ್ಲಿರುವ ಉತ್ತರ ನೋಡಿರಿ.

ಸೋಮವಾರ: ಒಂದು ಕೆ.ಜಿ. ಅಡಿಗೆ ಉಪ್ಪಿಗೆ ಸುಮಾರು ಎಷ್ಟು ಲೀಟರ್ ಕಡಲ ನೀರು ಬೇಕು?

ಮಂಗಳವಾರ: ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ತಂಡದಲ್ಲಿ ನಡೆದ ಕನ್ನಡಿಗ ಯಾರು?

ಬುಧವಾರ: ಉತ್ತರ ಕನ್ನಡ ಯಾವ ವರ್ಷ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು?

ಗುರುವಾರ: ಅಂಗಡಿಯ ಉಪ್ಪಿನ ಪೊಟ್ಟಣದ ಮೇಲೆ 'ಅಯೋಡಿನ್' ಎಂದು ಬರೆದಿರುವುದೇಕೆ?

ಶುಕ್ರವಾರ: ಉಪ್ಪುನೀರು ನುಗ್ಗುವ ಗದ್ದೆಯಲ್ಲೂ ಬೆಳೆಯುವ ಉತ್ತರ ಕನ್ನಡದ ಭತ್ತದ ತಳಿ ಯಾವುದು?

ಶನಿವಾರ: ಅಂಕೋಲೆಗೆ ಹೆಸರು ತಂದ ಮಾವು ಯಾವುದು?

ಭಾನುವಾರ: ಶಾಲೆಗೆ ಹೋಗದಿದ್ದರೂ ಕಾಡಿನ ಗಿಡಮರಗಳ ವಿಷಯದಲ್ಲಿ ದೇಶವೇ ತಲೆಬಾಗಿದ ಅಂಕೋಲೆ ತಾಲ್ಲೂಕಿನ ಮಹಿಳೆ ಯಾರು?

ಐದು ಒಗಟುಗಳು

1. ಗದ್ದೆಯುಂಟು, ಬದುವುಂಟು, ಬಿತ್ತುವವರಿಲ್ಲ. ಬಿಸಿಲು ಕಾದರೆ ಬೆಳೆ, ಮಳೆ ಬಂದರೆ ನಾಶ. ಏನದು?

2. ಎರಡಕ್ಷರದ ಮಾತು. ಒಂದರ್ಥದಲ್ಲಿ ದುಡಿಯುತ್ತದೆ, ಇನ್ನೊಂದರ್ಥದಲ್ಲಿ ದುಡಿದುದನ್ನು ಕೊಂಡೊಯ್ಯುತ್ತದೆ. ಅದೇ ಮಾತು ಎರಡು ಸಲ ಬರುವ ಏಳಕ್ಷರದ ಪದವೊಂದು ಈ ಲೇಖನದಲ್ಲಿದೆ. ಎರಡನ್ನೂ ಹೇಳಿರಿ.

3. ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಅಳತೆ ನಾನು. ನನ್ನ ಕೊನೆಯ ಸ್ವರ ಬದಲಾದರೆ ಅಳತೆ ಮೀರಿದ ಹೊರೆಯಾಗುತ್ತೇನೆ. ಯಾರು ನಾನು?

4. ಮೂರಕ್ಷರದ ಊರು. ಮೊದಲಕ್ಷರ ಮುಚ್ಚಿದರೆ ಮನೆಬಾಗಿಲಿಗೆ ಬಂದು ತಲೆಯಾಡಿಸುವ ಬಸವ. ಯಾವ ಊರು?

5. ನಾಲ್ಕಕ್ಷರದ ಊರು. ಮೊದಲೆರಡು ಅಕ್ಷರ ಎತ್ತು ಸಿಂಗರಿಸುವ ಹುಣ್ಣಿಮೆ, ಕೊನೆಯೆರಡು ಅಕ್ಷರ ಏಳು ದಿನ. ಯಾವ ಊರು?

ಪ್ರಶ್ನೆಗಳಿಗೆ ಉತ್ತರ

ಸೋಮವಾರ: ಸುಮಾರು 37 ಲೀಟರ್. ಲೀಟರಿಗೆ 27 ಗ್ರಾಂ ಎಂದು ಲೆಕ್ಕ ಹಾಕಿರಿ.

ಮಂಗಳವಾರ: ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.

ಬುಧವಾರ: 1862ರಲ್ಲಿ.

ಗುರುವಾರ: ಆಹಾರದಲ್ಲಿ ಅಯೋಡಿನ್ ಸಾಲದಿದ್ದರೆ ಗಳಗಂಡ ರೋಗ ಬರುತ್ತದೆ, ಮಕ್ಕಳ ಬುದ್ಧಿಯ ಬೆಳವಣಿಗೆಯೂ ಕುಂದುತ್ತದೆ. ಪೊಟ್ಟಣವನ್ನು ಒಡೆದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು.

ಶುಕ್ರವಾರ: ಕಗ್ಗ ಭತ್ತ. ಕುಮಟೆ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುತ್ತಾರೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ.

ಶನಿವಾರ: ಕರಿ ಈಶಾಡು. 2023ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಭಾನುವಾರ: ಹೊನ್ನಳ್ಳಿಯ ತುಳಸಿ ಗೌಡರು. ಹಾಲಕ್ಕಿ ಒಕ್ಕಲು ಮನೆತನದವರು. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಕೂಲಿಗೆ ಸೇರಿ, ಬೀಜ ಆರಿಸುವುದರಲ್ಲಿ, ಸಸಿ ಎಬ್ಬಿಸುವುದರಲ್ಲಿ ನಿಪುಣರಾದರು. 2021ರಲ್ಲಿ ರಾಷ್ಟ್ರಪತಿಗಳಿಂದ ಬರಿಗಾಲಿನಲ್ಲೇ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಗಟುಗಳಿಗೆ ಉತ್ತರ

1. ಉಪ್ಪು. 2. ಕರ (ಕೈ ಎಂದೂ ತೆರಿಗೆ ಎಂದೂ ಅರ್ಥ), ಕರನಿರಾಕರಣೆ. 3. ಗೇಣು, ಸ್ವರ ಬದಲಾದರೆ ಗೇಣಿ. 4. ಅಂಕೋಲೆ, ಉಳಿಯುವುದು ಕೋಲೆ. 5. ಕಾರವಾರ.

ಕೊನೆಯದಾಗಿ ಒಂದು ಮಾತು. ಸಣ್ಣ ಊರಿಗೆ ಚರಿತ್ರೆಯಿಲ್ಲ ಎನ್ನಬೇಡಿರಿ. ನಮ್ಮ ನೆರೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ದಿನನಿತ್ಯದ ಬಾಳನ್ನೇ ಬರೆದು ಕನ್ನಡ ನಾಡೆಲ್ಲ ಓದುವಂತೆ ಮಾಡಿದರು. ನಿಮ್ಮ ಊರಿನ ಕೆರೆ ಯಾರು ಕಟ್ಟಿಸಿದರು, ಯಾವ ಹೊಲಕ್ಕೆ ಯಾವ ಹೆಸರು, ಯಾರ ಮನೆಗೆ ಏಳನೇ ನಂಬರಿನಲ್ಲಿ ಭೂಮಿ ಬಂತು, ಹೇಮಾವತಿ ಅಣೆಕಟ್ಟಿನ ನೀರು ನಿಂತಾಗ ಯಾರು ಯಾವ ಊರು ಬಿಟ್ಟು ಬಂದರು, ಇದನ್ನೆಲ್ಲ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು, ಜತೆಗೊಂದು ಒಗಟು ಕಟ್ಟಿ ನನಗೆ ಕೊಡಿರಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸೋಣ.

ಅಂದ ಹಾಗೆ, ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಆ ಹಿರಿಯರು ಹೋದ ವಾರ ನಾಡಕಚೇರಿಗೆ ಅರ್ಜಿ ಕೊಟ್ಟು ಬಂದರು. ವಂಶವೃಕ್ಷದಲ್ಲಿ ಇಬ್ಬರು ತಂಗಿಯರ ಹೆಸರನ್ನೂ ತಾವೇ ಹೇಳಿ ಬರೆಸಿದರು. ಖಾತೆ ಇನ್ನೂ ಆಗಬೇಕಾಗಿದೆ. ಸ್ವೀಕೃತಿ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾರೆ. ಕೇಳಿದವರಿಗೆಲ್ಲ ತೋರಿಸುತ್ತಾರೆ.

ನಿಮ್ಮ ಗ್ರಾಮಸೇವಕ,
ಕಟ್ಟಾಯ